ಹೊಗೆ ಏಳದ ಮನೆ

ಸೆಪ್ಟೆಂಬರ್ 12

ಇವತ್ತು ಬೆಳಿಗ್ಗೆ ಒಲೆ ಗೋಡೆಯಿಂದ ಬಿಟ್ಟುಕೊಂಡಿತು. ವಾಲಿದ್ದು ಒಲೆಯಲ್ಲ, ನೆಲ, ಅಂತ ತಾಲಾಯ್ ಹೇಳುತ್ತಾನೆ. ಯಾವುದಾದರೇನು, ನಡುವೆ ನನ್ನ ಅಂಗೈ ತೂರುವಷ್ಟು ಸಂದು ಬಿದ್ದಿದೆ. ಹಲಗೆ ಕಿತ್ತು ನೋಡಿದರೆ ಕೆಳಗಿನ ತೊಲೆ ಬೆರಳಲ್ಲಿ ಒತ್ತಿದರೇ ಪುಡಿಯಾಗುತ್ತದೆ. ಯಾವ ಕಾಲದಲ್ಲೋ ರಷ್ಯನ್ನರು ಕಟ್ಟಿ ಬಿಟ್ಟುಹೋದ ಮರದ ಮನೆ. ಮೂರು ಕೋಣೆ, ಮೂರಕ್ಕೂ ನಡುವೆ ಒಂದೇ ಇಟ್ಟಿಗೆ ಒಲೆ, ಒಲೆಯ ಹೊಟ್ಟೆಯಲ್ಲಿ ನೀರಿನ ಕಬ್ಬಿಣದ ಪೆಟ್ಟಿಗೆ, ಅಲ್ಲಿಂದ ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ. ಇಷ್ಟೇ ನಮ್ಮ ಆಸ್ತಿ. ಕಿರಿಯ ಮಗನಾದವನು ಅಪ್ಪನ ಮನೆಯ ಹೊಗೆ ನಿಲ್ಲದಂತೆ ನೋಡಿಕೊಳ್ಳಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ. ತಾಲಾಯ್ ಕಿರಿಯ ಮಗ. ಹೊಗೆ ನೋಡಿಕೊಳ್ಳುವವಳು ಮಾತ್ರ ನಾನು. ಅವನು ವ್ಯಾನಿನಲ್ಲಿ ಜನರನ್ನು ತುಂಬಿಕೊಂಡು ರಾಜಧಾನಿ ಬಿಶ್ಕೆಕ್‌ಗೆ ಹೋಗುತ್ತಾನೆ, ಮಾರನೆಯ ದಿನ ಬರುತ್ತಾನೆ.

ಅತ್ತೆ ಬಗ್ಗಿ ಸಂದಿನೊಳಗೆ ಇಣುಕಿದರು. ಆಮೇಲೆ ನನ್ನನ್ನು ನೋಡಿದರು, ತೊಲೆಯನ್ನು ನಾನೇ ಕಡಿದು ತಿಂದಿದ್ದೇನೆ ಅನ್ನುವ ಹಾಗೆ.

ಗಂಡನ ಹೆಸರನ್ನು, ಅವನ ಕಡೆ ಹಿರಿಯರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಇಲ್ಲಿ ಬರೆಯಬಹುದು. ತಾಲಾಯ್, ತಾಲಾಯ್, ತಾಲಾಯ್.

ಸೆಪ್ಟೆಂಬರ್ 19

ಸಂತೆಯಲ್ಲಿ ರಾಯಾ ಅಕ್ಕ ಸಿಕ್ಕಿದರು. ಮದುವೆಗೆ ಮುಂಚೆ ನಾನಿದ್ದ ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಗೆ ಈಗ ಅವರೇ ಮುಖ್ಯಸ್ಥೆ. ಒಂದು ಜಾಗ ಖಾಲಿಯಾಗುತ್ತಿದೆ, ಡಿಸೆಂಬರ್‌ವರೆಗೆ ಹೇಗೋ ಹಿಡಿದಿಡುತ್ತೇನೆ ಅಂದರು.

"ಸೂಜಿ ಹಿಡಿಯೋ ಕೈ ಕಣೇ ಬುರುಲ್ ನಿಂದು. ಇನ್ನೆಷ್ಟು ದಿನ ಸಲಿಕೆ ಹಿಡ್ಕೊಂಡಿರ್ತೀಯ?"

ನಾನು ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಕಲ್ಲಿದ್ದಲಿನ ಕಪ್ಪು ಬೇಸಿಗೆಯಲ್ಲೂ ಉಗುರಿನ ಮೂಲೆ ಬಿಡುವುದಿಲ್ಲ.

ಅಕ್ಟೋಬರ್ ಹಿಡಿದರೆ ಏಪ್ರಿಲ್‌ವರೆಗೆ ಈ ಒಲೆ ಬಿಟ್ಟು ಒಂದು ಪೂರ್ತಿ ಹಗಲು ನಾನು ಆಚೆ ಕಳೆದವಳಲ್ಲ. ಬೆಂಕಿ ಆರಿದರೆ ಕೊಳವೆಯ ನೀರು ಹೆಪ್ಪುಗಟ್ಟುತ್ತದೆ, ಕಬ್ಬಿಣ ಸೀಳುತ್ತದೆ, ಮನೆ ಹೋಯಿತು ಅಂತಲೇ ಲೆಕ್ಕ. ಅತ್ತೆಗೆ ಮಂಡಿನೋವು, ಕಲ್ಲಿದ್ದಲಿನ ಬಕೆಟ್ ಎತ್ತಲಾರರು. ನನ್ನ ತಂಗಿಯ ಮದುವೆಯಲ್ಲಿ ಊಟಕ್ಕೆ ಕೂರದೆ ಓಡಿ ಬಂದೆ. ಮಗಳು ಬಿಶ್ಕೆಕ್‌ನಲ್ಲಿ ಓದುತ್ತಾಳೆ, ಅವಳು ಯಾವ ಕೋಣೆಯಲ್ಲಿ ಮಲಗುತ್ತಾಳೆ ಅಂತ ಇವತ್ತಿಗೂ ನೋಡಿಲ್ಲ. ಈ ಮನೆಯಲ್ಲಿ ನಾಯಿಯನ್ನಾದರೂ ಸಂಜೆ ಸರಪಳಿ ಬಿಚ್ಚಿ ಬಿಡುತ್ತೇವೆ.

ತೊಲೆ ಬದಲಾಯಿಸಲು ಒಲೆ ಹೇಗೂ ಕೀಳಲೇಬೇಕು. ಹಾಗಿದ್ದ ಮೇಲೆ ಅದನ್ನೇ ಮತ್ತೆ ಯಾಕೆ ಕಟ್ಟಬೇಕು? ಕರೆಂಟಿನ ಬಾಯ್ಲರ್ ಆದರೆ ಗೋಡೆಗೆ ಒಂದು ಪೆಟ್ಟಿಗೆ, ಮುಗಿಯಿತು. ಅದು ತನ್ನಷ್ಟಕ್ಕೆ ನೀರು ಕಾಯಿಸುತ್ತದೆ, ನಾನು ನನ್ನಷ್ಟಕ್ಕೆ ಕೆಲಸಕ್ಕೆ ಹೋಗುತ್ತೇನೆ. ನನಗೆ ಆ ಕೆಲಸ ಬೇಕು. ಬರೆದು ನೋಡಿದೆ, ಹೌದು, ಬೇಕೇ ಬೇಕು.

ಸೆಪ್ಟೆಂಬರ್ 28

ಈಗ ತಾಲಾಯ್‌ನ ವ್ಯಾನಿನಲ್ಲಿ ಬರುವುದು ಜನರಲ್ಲ, ಬರೀ ಸಲಹೆ. ಒಬ್ಬ ಚಾಲಕ ಹೇಳಿದನಂತೆ, ತಾನೇ ಕಲ್ಲಿದ್ದಲು ತಳ್ಳಿಕೊಳ್ಳುವ ಹೊಸ ಬಾಯ್ಲರ್ ಬಂದಿದೆ, ದಿನಕ್ಕೊಮ್ಮೆ ತುಂಬಿದರೆ ಸಾಕು ಅಂತ. ಇನ್ನೊಬ್ಬ ಅದಕ್ಕೆ ಹಾಕುವ ಕಲ್ಲಿದ್ದಲು ಅಕ್ಕಿ ಆರಿಸಿದ ಹಾಗೆ ಆರಿಸಬೇಕು, ದಪ್ಪ ತುಂಡು ಸಿಕ್ಕಿದರೆ ಹಲ್ಲು ಮುರಿದುಕೊಂಡು ಕೂರುತ್ತದೆ ಅಂದ. ಆಚೆಯ ಗಾಳಿಯಿಂದಲೇ ಬಿಸಿ ಹೀರುವ ಯಂತ್ರ ಹಾಕಿಸಿಕೊಂಡ ಮೂರನೆಯವನು, ಜನವರಿಯಲ್ಲಿ ಹೀರಲು ಅಲ್ಲೇನಿದೆ ಅಂತ ತನ್ನನ್ನೇ ಬೈದುಕೊಳ್ಳುತ್ತಾನಂತೆ. ಗ್ಯಾಸಿನ ಕೊಳವೆ ನಮ್ಮ ಕಾರಾಕೋಲ್‌ಗೆ ಬಂದೇ ಇಲ್ಲ. ತಾಲಾಯ್ ಎಲ್ಲರಿಗೂ ಹೌದು ಹೌದು ಅಂದು ಮನೆಗೆ ಬಂದು ಚಹಾ ಕುಡಿಯುತ್ತಾನೆ.

ರಾತ್ರಿ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. ಕರೆಂಟಿನದು ಹಾಕಿಸೋಣ, ಅತ್ತೆಗೂ ಹೊಗೆ ತಪ್ಪುತ್ತದೆ, ಕೆಮ್ಮು ಕಡಿಮೆಯಾಗುತ್ತದೆ ಅಂತ ನಯವಾಗಿ ಶುರು ಮಾಡಿದೆ. ಅತ್ತೆ ನಯಕ್ಕೆಲ್ಲ ಬೀಳುವವರಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದರು.

"ಈ ಮನೆಗೆ ಕಾಲಿಟ್ಟ ದಿನ ನೀನು ಬೆಂಕಿಗೆ ಕೊಬ್ಬು ಹಾಕಿ ತಲೆ ಬಗ್ಗಿಸಿದ್ದೀಯ. ನಾನೂ ಬಗ್ಗಿಸಿದ್ದೀನಿ. ಗೋಡೆ ಮೇಲಿನ ಪೆಟ್ಟಿಗೆಗೆ ತಲೆ ಬಗ್ಗಿಸಿ ಯಾರೂ ಬಂದಿಲ್ಲ."

"ಒಲೆನೇ ಕಟ್ಟಿಸೋಣ ಬಿಡಮ್ಮ," ಅಂದ ತಾಲಾಯ್. ನನ್ನ ಕಡೆ ನೋಡಲಿಲ್ಲ.

ನಾನು ಪಾತ್ರೆ ತೊಳೆದೆ. ಎರಡು ಸಲ ತೊಳೆದೆ.

ಅಕ್ಟೋಬರ್ 9

ಒಲೆ ಕಟ್ಟುವ ಗೆನ್ನಾದಿ ಇನ್ನೂ ಬಂದಿಲ್ಲ. ಆಲೂಗಡ್ಡೆ ಕೀಳುತ್ತಿದ್ದಾನಂತೆ. ಹೋದ ವಾರವೂ ಆಲೂಗಡ್ಡೆಯೇ. ಊರಿಗೆಲ್ಲ ಅವನೊಬ್ಬನೇ ಬೆಳೆದಿರಬೇಕು.

ಅಕ್ಟೋಬರ್ 24

ಇವತ್ತು ಒಲೆ ಕಿತ್ತರು. ಮಸಿ ಎಷ್ಟು ಬಂತು ಅಂದರೆ ಅಂಗಳದ ಸೇಬಿನ ಮರ ಕಪ್ಪಾಯಿತು. ಗೆನ್ನಾದಿ ಒಂದೊಂದೇ ಇಟ್ಟಿಗೆ ತೆಗೆದು ಅದರ ಗುಣಗಾನ ಮಾಡುತ್ತಿದ್ದ, ಇಂಥ ಇಟ್ಟಿಗೆ ಈಗೆಲ್ಲಿ ಅಂತ. ಅತ್ತೆ ಕಂಬಳಿ ಹೊದ್ದು ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ಇಟ್ಟಿಗೆಗಳನ್ನು ಕಾದರು, ಯಾರೋ ಕದಿಯಲು ನಿಂತಿದ್ದಾರೆ ಅನ್ನುವಂತೆ. ಬೂದಿ ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ತಾವೇ ತುಂಬಿ ಯಾರೂ ತುಳಿಯದ ಕಡೆ, ಬೇಲಿಯ ಮೂಲೆಗೆ ಹಾಕಿಬಂದರು.

ತೊಲೆ ಹಾಕುವ ತನಕ ನಾವು ಮೂವರೂ ಒಂದೇ ಕೋಣೆಯಲ್ಲಿ. ಸಣ್ಣ ತಗಡಿನ ಒಲೆ, ಕಿಟಕಿಯಿಂದ ಆಚೆಗೆ ಅದರ ಕೊಳವೆ. ಅತ್ತೆಯ ಗೊರಕೆ, ತಾಲಾಯ್‌ನ ಗೊರಕೆ, ನಡುವೆ ನಾನು. ಉಸಿರು ಕಟ್ಟುತ್ತದೆ.

ನವೆಂಬರ್ 6

ಹೊಸ ತೊಲೆ ಕೂತಿತು, ಹಲಗೆ ಹೊಡೆದಾಯಿತು, ಹಿಮವೂ ಬಿತ್ತು. ಗೆನ್ನಾದಿ ಬಂದು ಅಂಗಳದ ಮಣ್ಣನ್ನು ಬೂಟಿನಿಂದ ಒದ್ದು ನೋಡಿ ತಲೆಯಾಡಿಸಿದ. ಈ ಚಳಿಯಲ್ಲಿ ಕಟ್ಟಿದರೆ ಜೇಡಿಮಣ್ಣು ಒಣಗುವುದಿಲ್ಲ, ಹಸಿ ಒಲೆಗೆ ಬೆಂಕಿ ಹಾಕಿದರೆ ಬಿರಿಯುತ್ತದೆ, ಇನ್ನು ಮೇ ತಿಂಗಳಿಗೇ ಅಂದ. ಆಲೂಗಡ್ಡೆ ಕೀಳುವಾಗ ಈ ಜ್ಞಾನ ಎಲ್ಲಿತ್ತೋ. ನನಗೆ ಅವನನ್ನು ಅಪ್ಪಿಕೊಳ್ಳೋಣ ಅನಿಸಿತು.

ತಾಲಾಯ್ ಮೊದಲ ಸಲ ನೆಟ್ಟಗೆ ಮಾತಾಡಿದ. ತಗಡಿನ ಒಲೆಯಲ್ಲಿ ಜನವರಿ ದಾಟಲಾಗದು, ಈ ಒಂದು ಚಳಿಗಾಲಕ್ಕಾದರೂ ಕರೆಂಟಿನದೇ ಗತಿ. ವಿದ್ಯುತ್ ಕಚೇರಿಯವರು ದಪ್ಪ ತಂತಿ ಎಳೆಯಲು ಒಪ್ಪಿದ್ದಾರೆ. ಅತ್ತೆ ಎದ್ದು ಹೋಗಿ ಅಂಗಳದ ಇಟ್ಟಿಗೆಗಳ ಮೇಲೆ ಕಂಬಳಿ ಹೊದಿಸಿ ಬಂದರು.

ನವೆಂಬರ್ 14

ಇವತ್ತಿನದನ್ನು ಮರೆಯುವ ಮುಂಚೆ ಬರೆದಿಡಬೇಕು.

ಬಾಯ್ಲರ್ ಕೂಡಿಸುವವರು ಬೆಳಿಗ್ಗೆಯೇ ಬಂದರು. ಲಾರಿ ಒಳಗೆ ಬರಲಿ ಅಂತ ಗೇಟಿನ ಎರಡೂ ಬಾಗಿಲು ತೆಗೆದಿಟ್ಟೆವು. ತಗಡಿನ ಒಲೆ ಆರಿಸಿ ಆಚೆ ಹಾಕಿದೆವು. ಅಂಗಳದ ತುಂಬ ಗಂಡಸರು, ಕೈಯಲ್ಲಿ ಸುತ್ತಿದ ಕಂಬಳಿಗಳು, ಯಂತ್ರ ಸುತ್ತಿ ತಂದದ್ದು. ಎದುರು ಮನೆಯ ಅಸಾನಾಲಿ, ಗಂಡನ ಕಡೆಯಿಂದ ದೂರದ ಮಾವ, ತಿಂಗಳಿನಿಂದ ಬಾಲಿಕ್ಚಿ ಊರಿನ ಮಗಳ ಮನೆಯಲ್ಲಿದ್ದವರು ಇವತ್ತೇ ಮೊದಲ ಬಸ್ಸಿಗೆ ಬಂದಿಳಿದರು. ಬೀದಿಯ ತುದಿಯಿಂದ ನೋಡಿದ್ದಾರೆ. ಹಿಮಗಾಲದ ಬೆಳಿಗ್ಗೆ, ಎಲ್ಲ ಮನೆಯ ಮೇಲೂ ಹೊಗೆ, ನಮ್ಮ ಮನೆಯ ಮೇಲೆ ಇಲ್ಲ. ಗೇಟು ಹಾರುಹೊಡೆದಿದೆ. ಒಳಗೆ ಜನ. ಸಾವಿನ ಮನೆಗೆ ಗಂಡಸರು ದೂರದಿಂದಲೇ ದನಿಯೆತ್ತಿ ಅಳುತ್ತ ಬರಬೇಕು. ಆ ಮನುಷ್ಯ ಕೋಲಿಗೆ ಆತುಕೊಂಡು ಅಳುತ್ತ ಬಂದೇಬಿಟ್ಟರು.

"ಅಯ್ಯೋ ನನ್ನತ್ತಿಗೇ... ಚಳಿಗಾಲದಾಗೆ ಹೊಸಿಲು ದಾಟದವಳೇ... ಹೆತ್ತವ್ವ ಸತ್ತಾಗ್ಲೂ ಒಲೆ ಮುಂದೆ ಕೂತೇ ಅತ್ತವಳೇ... ಒಲೆಯೇ ಊರು, ಒಲೆಯೇ ತೌರು ಅಂದವಳೇ... ನಿನ್ನ ಬೆಂಕಿ ಆರ್ತಲ್ಲೇ..."

ಬಾಯ್ಲರಿನವರು ಗಾಬರಿಯಾಗಿ ಟೋಪಿ ತೆಗೆದರು. ತಾಲಾಯ್ ಬೀದಿಗೆ ಓಡಿದ. "ಚಿಕ್ಕಪ್ಪ, ಸುಮ್ನಿರಿ, ಅಮ್ಮ ಒಳಗೆ ಚಹಾ ಕುಡೀತಿದಾಳೆ." ನಾನು ಬಾಗಿಲ ಹಿಂದೆ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಕಂಡು ಎಷ್ಟು ದಿನವಾಗಿತ್ತು.

ಅತ್ತೆ ನಗಲಿಲ್ಲ. ಬಟ್ಟಲು ಕೈಯಲ್ಲೇ ಹಿಡಿದು ಜಗಲಿಗೆ ಹೋಗಿ ನಿಂತರು. ಅಸಾನಾಲಿ ಮಾವನ ಮುಖ ಬೀಟ್ರೂಟಾಗಿತ್ತು.

"ಇನ್ನೂ ಏನು ಹೇಳೋದಿತ್ತು ನನ್ ಬಗ್ಗೆ, ಹೇಳಿ ಮುಗಿಸು."

"ತಪ್ಪಾಯ್ತು ಅತ್ತಿಗೆ, ಬಿಟ್ಬಿಡು."

"ಬೈಯಲ್ಲ. ಹೇಳು."

ಅವರು ಪಾಪ ಸ್ವಲ್ಪ ಹೊತ್ತು ಯೋಚಿಸಿದರು. "ಅಷ್ಟೇ ಅತ್ತಿಗೆ. ಇದ್ದಿದ್ದು ಅಷ್ಟೇ."

ಅತ್ತೆ ಒಳಗೆ ಬಂದು ಕೂತರು. ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಸಂಜೆ ಯಂತ್ರ ಶುರುವಾಯಿತು, ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ತಾಲಾಯ್ ಅಮ್ಮನ ಕೈ ಹಿಡಿದು ಅವರಿಂದಲೇ ಗುಂಡಿ ಒತ್ತಿಸಿದ. ಅರ್ಧ ಗಂಟೆಯಲ್ಲಿ ಕೊಳವೆ ಬಿಸಿಯಾಯಿತು. ಅತ್ತೆ ಅದರ ಮೇಲೆ ಅಂಗೈ ಇಟ್ಟು ನಿಂತರು, ಸುಡುತ್ತಿದ್ದರೂ ತೆಗೆಯಲಿಲ್ಲ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು:

"ಗುಂಡಿ ಒತ್ತಿದ್ರೆ ಆಗೋ ಕೆಲ್ಸಕ್ಕೇನೇ ಹುಡುಗಿ, ನಾನು ನಮ್ಮವ್ವನ ಮುಖ ಕೊನೇಗೊಂದ್ಸಲ ನೋಡ್ದೆ ಉಳಿದಿದ್ದು?"

ಚಹಾ ಮಾಡಿಕೊಟ್ಟೆ.

ನವೆಂಬರ್ 15

ರಾಯಾ ಅಕ್ಕನಿಗೆ ಬರುತ್ತೇನೆ ಅಂದೆ.

ಕತ್ತಲಲ್ಲೇ ಎಚ್ಚರವಾಯಿತು. ಬೂದಿ ತೆಗೆಯಬೇಕಿಲ್ಲ, ಕಲ್ಲಿದ್ದಲು ತರಬೇಕಿಲ್ಲ. ಹಾಸಿಗೆಯಲ್ಲೇ ಕೈಕಾಲು ಚಾಚಿ ಬಿದ್ದುಕೊಂಡೆ. ಆಮೇಲೆ ಎದ್ದು ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತೆ. ಸುಮ್ಮನೆ.

ಡಿಸೆಂಬರ್ 2

ಮೊದಲ ದಿನ. ಬಿಳಿ ಕೋಟು ಭುಜದಲ್ಲಿ ಬಿಗಿ. ಕೈ ಏನೂ ಮರೆತಿಲ್ಲ, ಮಗುವಿನ ನರ ಕೂಡ ಒಂದೇ ಸಲಕ್ಕೆ ಸಿಕ್ಕಿತು, ರಾಯಾ ಅಕ್ಕ ಹುಬ್ಬು ಹಾರಿಸಿದರು. ಊಟಕ್ಕೆ ಎಲ್ಲರೂ ಸೇರಿ ತಣ್ಣನೆ ಖಾರದ ಅಶ್ಲ್ಯಾಮ್‌ಫು ಶಾವಿಗೆ ತರಿಸಿ ತಿಂದೆವು. ಎಷ್ಟು ಖುಷಿಯಾಯಿತು ಅಂತ ಬರೆಯಲು ಬರುವುದಿಲ್ಲ.

ಮನೆಗೆ ಫೋನು ಮಾಡಿದೆ, ಯಂತ್ರ ಸದ್ದು ಮಾಡುತ್ತಿದೆಯಾ ಅಂತ ಕೇಳಲು. ಮಾಡುತ್ತಿದೆ ಅಂದರು ಅತ್ತೆ. ಸಂಜೆಯೊಳಗೆ ಇನ್ನೂ ಕೆಲವು ಸಲ ಮಾಡಿದೆ. ಹೊಸದಲ್ಲವೇ.

ಡಿಸೆಂಬರ್ 11

ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದುಹೋಗುವುದು ರೂಢಿ ಮಾಡಿಕೊಂಡಿದ್ದೇನೆ. ಓಡಿದರೆ ಆಗುತ್ತದೆ. ಕೊಳವೆಗಳನ್ನು ಒಂದು ಸುತ್ತು ಮುಟ್ಟಿ ನೋಡಿದರೆ ಮನಸ್ಸಿಗೆ ನೆಮ್ಮದಿ. ಊಟ ಬಿಟ್ಟುಹೋಗುತ್ತದೆ, ಅದೇನು ದೊಡ್ಡದಲ್ಲ.

"ಓಡ್ತಾಳೆ ನೋಡಿ, ಪೆಟ್ಟಿಗೆಗೆ ಮೊಲೆ ಕೊಡಕ್ಕೆ," ಅಂತ ರಾಯಾ ಅಕ್ಕ ಎಲ್ಲರೆದುರು ನಗಿಸಿದರು. ಅವರು ಅಪಾರ್ಟ್‌ಮೆಂಟಿನಲ್ಲಿರುವವರು, ಅವರ ಕೊಳವೆಗೆ ಬಿಸಿನೀರು ನಗರಸಭೆಯಿಂದಲೇ ಬರುತ್ತದೆ.

ಇವತ್ತು ಹೋದಾಗ ಬಾಗಿಲು ತೆರೆದೇ ಇತ್ತು. ಅತ್ತೆ ಜಗಲಿಯಲ್ಲಿ ನಿಂತು ಬೀದಿ ನೋಡುತ್ತಿದ್ದಾರೆ. ಬಿಸಿಯೆಲ್ಲ ಆಚೆ ಹೋಗುತ್ತದೆ ಅಂತ ಸ್ವಲ್ಪ ಗಟ್ಟಿಯಾಗೇ ಹೇಳಿದೆ. ಅವರು ಮಕ್ಕಳ ಹಾಗೆ ತಕ್ಷಣ ಒಳಗೆ ಬಂದರು.

ಡಿಸೆಂಬರ್ 27

ಅತ್ತೆ ತಾಲಾಯ್‌ನ ಹತ್ತಿರ ಕೊಚ್ಕೋರ್‌ನ ರಸ್ತೆ ವಿಚಾರಿಸುತ್ತಿದ್ದರು, ಕಣಿವೆಯಲ್ಲಿ ಹಿಮ ಬಳಿಯುತ್ತಾರಾ, ಎಷ್ಟು ಹೊತ್ತಿಗೆ ಮುಟ್ಟುತ್ತಾರೆ ಅಂತ. ಅವರ ತಂಗಿ ಅಲ್ಲಿದ್ದಾಳೆ, ಅಮ್ಮನ ಸಮಾಧಿಯೂ ಅಲ್ಲೇ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ. ಆಮೇಲೆ ಸೆಕೆ ಅಂತ ಯಂತ್ರದ ಗುಂಡಿ ಯಾವುದೋ ತಿರುಗಿಸಿದ್ದಾರೆ. ನಾನಿಲ್ಲದಾಗ ಅದನ್ನು ಮುಟ್ಟಬೇಡಿ ಅಂದೆ. ಅವರಿಗೆ ಅದು ಆಟದ ಸಾಮಾನು. ಕೆಟ್ಟರೆ ಅನುಭವಿಸುವವಳು ನಾನು.

ತಾಲಾಯ್ ನನ್ನನ್ನೇ ನೋಡುತ್ತಿದ್ದ. ಆಮೇಲೆ ಅಮ್ಮನನ್ನು ನೋಡಿದ.

ಜನವರಿ 10

ಬಿಳಿ ಕೋಟು ಬಿಚ್ಚದೆ ಬರೆಯಲು ಕೂತಿದ್ದೇನೆ.

ಈ ಚಳಿಗಾಲದ ಅತಿ ಕೆಟ್ಟ ಚಳಿ ಇವತ್ತು, ಉಗುಳಿದರೆ ನೆಲ ಮುಟ್ಟುವ ಮುಂಚೆ ಗಟ್ಟಿ. ಬೆಳಿಗ್ಗೆಯೇ ನಮ್ಮ ಬೀದಿಯ ಕಡೆ ಕರೆಂಟ್ ಹೋಗಿದೆ. ಆಸ್ಪತ್ರೆಯಲ್ಲಿ ಜನರೇಟರ್, ನನಗೆ ಗೊತ್ತೇ ಆಗಲಿಲ್ಲ. ಮಧ್ಯಾಹ್ನದ ಮೇಲೆ ಒಬ್ಬ ರೋಗಿ ಹೇಳಿದ. ಮನೆಗೆ ಫೋನು ಮಾಡಿದರೆ ಎತ್ತುವವರಿಲ್ಲ. ಅರ್ಧ ಎಳೆದ ರಕ್ತದ ಸಿರಿಂಜನ್ನು ಪಕ್ಕದವಳ ಕೈಗೆ ಕೊಟ್ಟು, ಬಿಳಿ ಕೋಟಿನಲ್ಲೇ ಓಡಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ: ಸೀಳಿದ ಕೊಳವೆಗಳು, ಅವುಗಳ ನಡುವೆ ಸೆಟೆದು ಕೂತ ಅತ್ತೆ.

ಗೇಟಿಗೆ ಬಂದರೆ ಅಂಗಳದ ತುಂಬ ಹೊಸ ಮಂಜುಗಡ್ಡೆ, ಕನ್ನಡಿಯ ಹಾಗೆ. ಮನೆಬಾಗಿಲಿಗೆ ಬೀಗ. ನಾನು ಮದುವೆಯಾಗಿ ಬಂದಲ್ಲಿಂದ ಚಳಿಗಾಲದಲ್ಲಿ ಈ ಬಾಗಿಲಿಗೆ ಬೀಗ ಕಂಡವಳಲ್ಲ. ಕಿಟಕಿ ಬಡಿದೆ, ಕೂಗಿದೆ. ಎದುರು ಮನೆಯಿಂದ ನಗು ಕೇಳಿಸಿತು.

ಅಸಾನಾಲಿ ಮಾವನ ಮನೆಯಲ್ಲಿ, ಅವರ ಒಲೆಯ ಪಕ್ಕದ ಮೆತ್ತೆಯ ಮೇಲೆ, ಅತ್ತೆ ಕಾಲು ಚಾಚಿ ಕೂತು ಬೆಣ್ಣೆ ಸವರಿದ ಬಿಸಿ ಕತ್ತಾಮ ರೊಟ್ಟಿ ತಿನ್ನುತ್ತಿದ್ದರು. ಕೈಯೆಲ್ಲ ಬೆಣ್ಣೆ. ಬಾಯ್ಲರಿನವರು ಹೋಗುವಾಗ ಅತ್ತೆಗೆ ಕೆಳಗಿನ ನಲ್ಲಿ ತೋರಿಸಿದ್ದರಂತೆ, ಕರೆಂಟ್ ಬರುವ ಹಾಗೆ ಕಾಣದಿದ್ದರೆ ಇದನ್ನು ತಿರುಗಿಸಿ ನೀರೆಲ್ಲ ಆಚೆ ಬಿಡಿ ಅಂತ. ನನಗೆ ಯಾರೂ ತೋರಿಸಿರಲಿಲ್ಲ, ಅವತ್ತು ಆ ಹೊತ್ತಿಗೆ ನಾನು ಚಹಾ ಮಾಡುತ್ತಿದ್ದೆ.

"ಮನೆ ಬಿಟ್ಟು ಬರೋದಾ?" ಅಂದೆ. ದನಿ ಏರಿತು, ಮಾವ ಎದುರಿಗಿದ್ದರು, ಏರಿಯೇಬಿಟ್ಟಿತು. "ಈ ಚಳೀಲಿ ಮನೇನ ಒಂಟಿ ಮಾಡಿ ಬರ್ತಾರಾ ಯಾರಾದ್ರೂ? ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?"

ಅತ್ತೆ ಬೆರಳು ನೆಕ್ಕಿಕೊಂಡರು. ಕೋಪ ಬರಲಿಲ್ಲ ಅವರಿಗೆ. ಮುಖ ಹುಡುಗಿಯ ಮುಖದ ಹಾಗೆ ಕೆಂಪಾಗಿತ್ತು.

"ನಲ್ಲಿ ತಿರುಗಿಸ್ದೆ, ನೀರು ಹೋಯ್ತು. ಬೀಗ ಹಾಕ್ದೆ. ಬೀದಿ ದಾಟಿ ಬಂದೆ. ಏನೂ ಆಗ್ಲಿಲ್ಲ ಬುರುಲ್. ಮನೆ ಅಲ್ಲೇ ಇದೆ ನೋಡು." ಆಮೇಲೆ ಕಣ್ಣೊರೆಸಿಕೊಂಡರು, ಬೆಣ್ಣೆ ಕೆನ್ನೆಗೆಲ್ಲ ಆಯಿತು. "ಇಷ್ಟೇ ಇದ್ದಿದ್ದಾ ಇದು."

ಸಂಜೆ ಕರೆಂಟ್ ಬಂತು. ತಾಲಾಯ್ ಬಂದು ನೀರು ತುಂಬಿಸಿದ. ಒಂದು ಕೊಳವೆಯೂ ಒಡೆದಿಲ್ಲ. ಆದರೆ ಒಡೆದಿದ್ದರೆ?

ಜನವರಿ 12

ಅತ್ತೆ ತಾಲಾಯ್‌ನ ವ್ಯಾನಿನಲ್ಲಿ ಕೊಚ್ಕೋರ್‌ಗೆ ಹೋದರು. ಮುಂದಿನ ಸೀಟಿನಲ್ಲೇ ಕೂರುತ್ತೇನೆ ಅಂತ ಹಟ ಹಿಡಿದು, ಟಿಕೆಟ್ ಕೊಂಡು ಕೂತಿದ್ದ ಒಬ್ಬರನ್ನು ಹಿಂದಕ್ಕೆ ಕಳಿಸಿದರು. ಬಿಳಿ ಶಾಲು, ಹೊಸ ಬೂಟು, ಕೈಯಲ್ಲಿ ಅಮ್ಮನ ಸಮಾಧಿಯ ಬಳಿ ಹಂಚಲು ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳ, ಬೋರ್ಸೊಕ್‌ನ ಗಂಟು. ಯಾವಾಗ ಬರುತ್ತೀರಿ ಅಂದೆ. ನೋಡೋಣ ಅಂದರು. ವ್ಯಾನು ಹೊರಡುವ ಮುಂಚೆ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದರು.

"ಬೀಗ ಹಾಕಿ ಕೆಲ್ಸಕ್ಕೆ ಹೋಗು. ಏನೂ ಆಗಲ್ಲ. ನಾನು ಹಾಕಿ ನೋಡಿದ್ದೀನಲ್ಲ."

ಜನವರಿ 13

ಬೀಗ ಹಾಕಿದೆ. ಬೀದಿಯ ತುದಿಯವರೆಗೆ ಹೋದೆ. ತಿರುಗಿ ನೋಡಿದರೆ ಮನೆಯ ಮೇಲೆ ಏನೂ ಇಲ್ಲ, ಬರೀ ಆಕಾಶ. ಒಳಗೆ ಯಂತ್ರ ನಡೆಯುತ್ತಿದೆಯೋ ನಿಂತಿದೆಯೋ ಆಚೆಯಿಂದ ಹೇಗೆ ತಿಳಿಯುತ್ತದೆ? ಒಲೆಯಾಗಿದ್ದರೆ ದೂರದಿಂದಲೇ ತಿಳಿಯುತ್ತಿತ್ತು. ವಾಪಸು ಬಂದೆ.

ರಾಯಾ ಅಕ್ಕನಿಗೆ ಫೋನು ಮಾಡಿ ಚಳಿ ಇಳಿಯುವವರೆಗೆ ರಜೆ ಬೇಕು ಅಂದೆ. ಮೊನ್ನೆ ಸಿರಿಂಜು ಬಿಟ್ಟು ಓಡಿದ ಸಿಟ್ಟು ಅವರಿಗೆ ಆರಿಲ್ಲ. ಇನ್ನು ಜಾಗ ಹಿಡಿದಿಡುವುದು ತಮ್ಮ ಕೈಯಲ್ಲಿಲ್ಲ ಅಂದರು. ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಅಷ್ಟೇ. ಮೇ ತಿಂಗಳಲ್ಲಿ ಗೆನ್ನಾದಿ ಬಂದು ಒಲೆ ಕಟ್ಟಿಕೊಟ್ಟರೆ ಎಲ್ಲ ಸರಿಹೋಗುತ್ತದೆ. ಇವತ್ತೇ ಅವನಿಗೆ ಹೇಳಿಕಳಿಸಿದೆ, ಈ ಸಲ ಆಲೂಗಡ್ಡೆಯ ನೆಪ ಬೇಡ ಅಂತ.

ಮಧ್ಯಾಹ್ನ ಕೊಚ್ಕೋರ್‌ನಿಂದ ಅತ್ತೆ ಫೋನು ಮಾಡಿದರು. ಹಿಂದೆ ಹೆಂಗಸರ ಗಲಾಟೆ, ಯಾರೋ ಹಾಡುತ್ತಿದ್ದರು, ಅತ್ತೆ ಕೂಗಿ ಮಾತಾಡಬೇಕಾಯಿತು.

"ಎಲ್ಲಿದ್ದೀಯೇ?"

"ಕೆಲ್ಸದಲ್ಲಿ ಅತ್ತೆ," ಅಂದೆ.

"ಹಾಂ. ಹಾಗಿರು," ಅಂದರು. ಅವರ ದನಿಯಲ್ಲಿ ಅಷ್ಟು ಸಂತೋಷ ನಾನು ಯಾವತ್ತೂ ಕೇಳಿರಲಿಲ್ಲ.

ಫೋನು ಇಟ್ಟಾಗ ನೋಡಿಕೊಂಡರೆ ನನ್ನ ಇನ್ನೊಂದು ಕೈ ಕೊಳವೆಯ ಮೇಲಿತ್ತು. ಬಿಸಿಯಾಗೇ ಇತ್ತು. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದೆ.